ಎಫ್‌ಸಿ-150 ರಿಪೇರಿ: ಕಪ್ಪು ಪೇಂಟಿನ ಅಡಿಯಲ್ಲಿ ಇದ್ದದ್ದು

ಗಾಡಿ ಮಹೀಂದ್ರಾ ಎಫ್‌ಸಿ-150. 1972ರ ಮಾಡೆಲ್, ಪೆಟ್ರೋಲ್. ಮೂತಿಯಿಲ್ಲದ ಜೀಪು ಅಂದರೆ ಹಳಬರಿಗೆ ಕೂಡಲೇ ಗೊತ್ತಾಗುತ್ತದೆ. ಡ್ರೈವರ್ ಕೂರುವುದು ಮುಂದಿನ ಹೌಸಿಂಗಿನ (ಎರಡು ಚಕ್ರಗಳ ನಡುವಿನ ಆಕ್ಸಲ್) ಮೇಲೆಯೇ. ಎಂಜಿನ್ ಇರುವುದು ಎರಡು ಸೀಟುಗಳ ನಡುವೆ, ತಗಡಿನ ಮುಚ್ಚಳದ ಕೆಳಗೆ. ಅಮೆರಿಕದ ವಿಲ್ಲಿಸ್‌ನವರು 1956ರ ಕೊನೆಗೆ ಹೊರತಂದ ಮಾದರಿ ಇದು. 1965ರಿಂದ ಮಹೀಂದ್ರಾದವರು ಇಲ್ಲೇ ತಯಾರಿಸಿದರು. ವೀಲ್‌ಬೇಸ್ 81 ಇಂಚು ಮಾತ್ರ. ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಯ ತೋಟಗಳ ದಾರಿ ನೋಡಿದವರಿಗೆ ಅದರ ಬೆಲೆ ಗೊತ್ತು. ಒಂದು ಕಡೆ ಮುರಕಲ್ಲಿನ ಬರೆ, ಇನ್ನೊಂದು ಕಡೆ ಅಡಿಕೆ ಮರ, ನಡುವೆ ಏರು. ಅಂಥಲ್ಲಿ ಗೊಬ್ಬರದ ಗೋಣಿ ಹೊತ್ತು ತಿರುಗಬಲ್ಲ ಗಾಡಿ ಇದು.

ಮಾರಿದವರು ಹೇಳಿದ್ದು ಇಷ್ಟು: ಎಸ್ಟೇಟ್ ಗಾಡಿ, ಒಬ್ಬರೇ ಓಡಿಸಿದ್ದು, ಎಂಜಿನ್ ಮಾಡಿಸಿ ಹೆಚ್ಚು ದಿನ ಆಗಿಲ್ಲ. ನಾನು ಮತ್ತು ಭಾವ ನೋಡಲು ಹೋದಾಗ ಮೂರು ವಿಷಯ ಕಣ್ಣಿಗೆ ಬಿತ್ತು. ನಾವು ಮುಟ್ಟುವ ಮೊದಲೇ ಎಂಜಿನ್ ಬಿಸಿ ಇತ್ತು. ಅಡಿಭಾಗಕ್ಕೆಲ್ಲ ಹೊಸ ಕಪ್ಪು ಪೇಂಟ್ ಹೊಡೆದಿತ್ತು. ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಾಡಿಯಲ್ಲೇ ಇರಲಿಲ್ಲ. ಕೇಳಿದರೆ, "ಫೋರ್ ವೀಲ್ ಯಾರಿಗೆ ಬೇಕು ಈಗ? ಪೆಟ್ರೋಲ್ ಉಳಿಯಲಿ ಅಂತ ತೆಗೆದಿಟ್ಟದ್ದು" ಎಂಬ ಉತ್ತರ.

ಭಾವ ಕಿವಿಯಲ್ಲಿ, "ಇದರಲ್ಲಿ ಎಂತದೋ ಉಂಟು ಭಾವ" ಅಂದ. ಉಂಟು ಅಂತ ನನಗೂ ಗೊತ್ತಿತ್ತು. ಎಂಜಿನ್ ಕೆಲಸಕ್ಕೆ ಎಷ್ಟಾಗಬಹುದು ಎಂದು ಲೆಕ್ಕ ಹಾಕಿಯೇ ದರ ಮಾತಾಡಿದೆವು. ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗುತ್ತಿತ್ತು. ಕ್ಯಾಬಿನ್ನಿನ ತಗಡು ಮೂಲದ್ದೇ. ಈ ಗಾಡಿಯಲ್ಲಿ ಅವೆರಡು ಸಿಗುವುದು ಅಪರೂಪ. ಉಳಿದದ್ದು ಬಿಚ್ಚಿದಾಗ ನೋಡೋಣ ಅಂತ ತಂದೆವು.

ಚಾಸಿಸ್

ಎಲ್ಲರೂ ಮೊದಲು ಎಂಜಿನ್‌ಗೆ ಕೈ ಹಾಕುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಎಂಜಿನ್ ಕೆಟ್ಟರೆ ಗಾಡಿ ದಾರಿ ಬದಿಯಲ್ಲಿ ನಿಲ್ಲುತ್ತದೆ, ಅಷ್ಟೇ. ಚಾಸಿಸ್ ಬಿಟ್ಟುಕೊಟ್ಟರೆ ಜನ ಸಾಯುತ್ತಾರೆ. ಅದರಲ್ಲೂ ಎಫ್‌ಸಿಯಲ್ಲಿ ಕ್ಯಾಬಿನ್, ಎಂಜಿನ್, ಇಬ್ಬರು ಮನುಷ್ಯರು ಎಲ್ಲ ಭಾರವೂ ಮುಂದಕ್ಕೇ. ಹಿಂದೆ ಲೋಡ್ ಇಲ್ಲದೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಹಿಂಬದಿ ಹಗುರ ಆದದ್ದು ಸೀಟಿನಲ್ಲೇ ಗೊತ್ತಾಗುತ್ತದೆ. ಆ ಭಾರವನ್ನೆಲ್ಲ ಹೊರುವುದು ಚಾಸಿಸ್‌ನ ಉದ್ದದ ಉಕ್ಕಿನ ತೊಲೆಯ, ಅಂದರೆ ಚಾನೆಲ್‌ನ, ಮುಂದಿನ ಎರಡಡಿ.

ವಾಟರ್ ಸರ್ವಿಸ್‌ಗೆ ಒಯ್ದು ಅಡಿಭಾಗಕ್ಕೆ ಜೋರು ನೀರು ಹೊಡೆಸಿದೆವು. ಪೇಂಟ್ ಹಾಳೆ ಹಾಳೆಯಾಗಿ ಕಿತ್ತುಬಂತು. ಹಿಂದಿನ ಚಾನೆಲ್ ಒಳಗಿಂದ ನೀರಿನ ಜೊತೆ ಮಣ್ಣು ಇಳಿಯಲು ಶುರುವಾಯಿತು. ನಮ್ಮ ಕಡೆಯ ಗಾಡಿಯ ಚಾಸಿಸ್‌ನಿಂದ ಬೀಳುವುದು ಕೆಂಪು ಮಣ್ಣು. ಇದರಿಂದ ಬಿದ್ದದ್ದು ಬಿಳಿ ಹೊಯಿಗೆ. ಹೊಯಿಗೆಯ ಜೊತೆ ತುಕ್ಕಿನ ಚಕ್ಕೆ, ಅದಕ್ಕೆ ಅಂಟಿಕೊಂಡ ಮೀನಿನ ಹುರುಪೆ. ಎಸ್ಟೇಟ್ ಗಾಡಿ ಅಂದದ್ದು ಅಲ್ವಾ? ಇದು ಕಡಲ ಕರೆಯಲ್ಲಿ ಮೀನು ಹೊತ್ತ ಗಾಡಿ. ಐಸ್ ಕರಗಿದ ಉಪ್ಪುನೀರು ವರ್ಷಗಟ್ಟಲೆ ಹಲಗೆಯ ಸಂದಿಯಿಂದ ಸೋರಿ ಚಾನೆಲ್ ಒಳಗೆ ನಿಂತಿದೆ. ಎರಡು ಚಾನೆಲ್‌ಗಳನ್ನು ಅಡ್ಡಕ್ಕೆ ಜೋಡಿಸುವ ಕೊನೆಯ ಕ್ರಾಸ್ ಮೆಂಬರ್ ಹೊರಗಿಂದ ಚೆನ್ನಾಗಿಯೇ ಕಾಣುತ್ತಿತ್ತು. ಸ್ಕ್ರೂಡ್ರೈವರ್ ಊರಿದರೆ ಹಿಡಿಯ ತನಕ ಒಳಗೆ ಹೋಯಿತು.

ಅದು ಹೋಗಲಿ, ಬದಲಾಯಿಸಬಹುದು. ನನಗೆ ಸಿಟ್ಟು ಬಂದದ್ದು ಮುಂದಿನ ಬಲ ಚಾನೆಲ್ ನೋಡಿ.

ಸ್ಟೀರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಒಂದು ಗೇಣು ಉದ್ದಕ್ಕೆ ಮೇಲ್ಮೈ ತೀರಾ ನಯವಾಗಿತ್ತು. ಐವತ್ತು ವರ್ಷದ ಕಬ್ಬಿಣ ಅಷ್ಟು ನಯ ಇರುವುದಿಲ್ಲ. ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದರೆ ಉಳಿದ ಕಡೆ ಗಪ್ಪನೆ ಅಂಟುತ್ತದೆ, ಅಲ್ಲಿ ಜಾರಿ ಬೀಳುತ್ತದೆ. ಕೆರೆದರೆ ಪುಟ್ಟಿ. ಪುಟ್ಟಿಯ ಕೆಳಗೆ ಹಳದಿ ಲೋಹ. ಯಾರೋ ಬಿರುಕಿಗೆ ಗ್ಯಾಸ್‌ನಲ್ಲಿ ಹಿತ್ತಾಳೆ ಕರಗಿಸಿ ತುಂಬಿ, ಮೇಲೆ ಪುಟ್ಟಿ ಮೆತ್ತಿ, ಕಪ್ಪು ಹೊಡೆದಿದ್ದಾರೆ. ಹಿತ್ತಾಳೆ ಆ ಎಳೆತವನ್ನು ತಡೆಯುವುದಿಲ್ಲ. ಪ್ರತಿ ಸಲ ಸ್ಟೀರಿಂಗ್ ತಿರುಗಿಸಿದಾಗ ಬಾಕ್ಸ್ ಚಾಸಿಸ್ ಅನ್ನು ತಳ್ಳುತ್ತದೆ. ಆ ಬಿರುಕು ಬಾಯಿಬಿಟ್ಟರೆ ಸ್ಟೀರಿಂಗ್ ಚಕ್ರ ಕೈಯಲ್ಲಿ ತಿರುಗುತ್ತದೆ, ಗಾಡಿ ತಿರುಗುವುದಿಲ್ಲ. ಎಂಜಿನ್ ದೋಷ ಮುಚ್ಚಿ ಮಾರುವುದು ವ್ಯಾಪಾರದ ಮೋಸ. ಇದನ್ನು ಮುಚ್ಚಿ ಮಾರುವುದು ಬೇರೆಯೇ ಜಾತಿಯ ಕೆಲಸ. ಇದನ್ನು ಕ್ಷಮಿಸಲು ನನ್ನಿಂದ ಆಗುವುದಿಲ್ಲ.

ಬಿರುಕು ಎಲ್ಲಿಯವರೆಗೆ ಹೋಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಡೈ ಪೆನೆಟ್ರಂಟ್ ಸ್ಪ್ರೇ ತಂದೆವು. ಜಾಗವನ್ನು ತೊಳೆದು ಕೆಂಪು ದ್ರವ ಹೊಡೆಯುವುದು, ಸ್ವಲ್ಪ ಹೊತ್ತು ಬಿಟ್ಟು ಒರೆಸುವುದು, ಮೇಲೆ ಬಿಳಿ ಪುಡಿಯ ಸ್ಪ್ರೇ. ಬಿರುಕಿನೊಳಗೆ ಇಳಿದ ಕೆಂಪು ಮತ್ತೆ ಮೇಲೆ ಬರುತ್ತದೆ. ನಮ್ಮ ಕಣ್ಣೆದುರೇ ಬಿಳಿಯ ಮೇಲೆ ಒಂದು ಕೆಂಪು ಎಳೆ ನಿಧಾನಕ್ಕೆ ಮೂಡಿತು. ಬೋಲ್ಟ್ ತೂತಿನಿಂದ ಶುರುವಾಗಿ, ಕೆಳಗಿನ ಅಂಚಿನವರೆಗೆ ಇಳಿದು, ಅಲ್ಲಿ ಹಿಂದಕ್ಕೆ ತಿರುಗಿತ್ತು. ಹಿತ್ತಾಳೆ ತುಂಬಿದ್ದು ಅದರ ಅರ್ಧಕ್ಕೆ ಮಾತ್ರ.

ವೆಲ್ಡಿಂಗ್ ಕೆಲಸವನ್ನು ಅವಸರ ಮಾಡಲಿಲ್ಲ. ಮೊದಲು ಪೆಟ್ರೋಲ್ ಟ್ಯಾಂಕ್ ಪೂರ್ತಿ ಕಳಚಿ ದೂರ ಇಟ್ಟೆವು, ಬ್ಯಾಟರಿ ತೆಗೆದೆವು. ಗಾರೆ ಮೇಸ್ತ್ರಿಯ ತೂಕದ ಗುಂಡು ಇಳಿಬಿಟ್ಟು ಚಾಸಿಸ್‌ನ ನಾಲ್ಕು ಮೂಲೆಗಳನ್ನು ಸಿಮೆಂಟ್ ನೆಲದ ಮೇಲೆ ಗುರುತು ಮಾಡಿ, ಕರ್ಣಗಳನ್ನು ಅಳೆದೆವು. ಬಲ ಮೂಲೆ ಸ್ವಲ್ಪ ಕುಸಿದಿತ್ತು. ಜ್ಯಾಕ್ ಕೊಟ್ಟು ಎರಡು ಅಳತೆಯೂ ಒಂದೇ ಆಗುವವರೆಗೆ ಎತ್ತಿ, ಹಾಗೇ ಆಧಾರ ಕೊಟ್ಟು ನಿಲ್ಲಿಸಿದೆವು. ಬಾಗಿದ ಸ್ಥಿತಿಯಲ್ಲೇ ಬೆಸೆದರೆ ಅದು ಶಾಶ್ವತ.

ಹಿತ್ತಾಳೆಯನ್ನು ಒಂದು ಕಣವೂ ಉಳಿಯದ ಹಾಗೆ ಗ್ರೈಂಡ್ ಮಾಡಬೇಕು. ಉಳಿದರೆ ಅದರ ತಾಮ್ರ ಬಿಸಿ ಉಕ್ಕಿನ ಒಳಗೆ ಇಳಿದು ಹೊಸ ಬಿರುಕು ಮಾಡುತ್ತದೆ. ಬಿರುಕಿನ ಕೊನೆಯಲ್ಲಿ ಕಾಲಿಂಚಿನ ತೂತು ಕೊರೆದೆವು. ಚೂಪು ತುದಿ ದುಂಡಗಾದರೆ ಬಿರುಕು ಮುಂದೆ ಓಡುವುದಿಲ್ಲ. ನಂತರ ವಿ ಆಕಾರಕ್ಕೆ ಉಜ್ಜಿ 7018 ಎಂಬ ವೆಲ್ಡಿಂಗ್ ರಾಡ್‌ನಲ್ಲಿ ತುಂಬಿದ್ದು. ಇಲ್ಲೊಂದು ಮಾತು ಹೇಳಲೇಬೇಕು. ಆಗ ಆಟಿ ತಿಂಗಳು, ಹೊರಗೆ ಬಿಡದ ಮಳೆ. ಕಟ್ಟು ಒಡೆದ 7018 ರಾಡ್ ಆ ಗಾಳಿಯಲ್ಲಿ ತೇವ ಹೀರುತ್ತದೆ. ಆ ತೇವದ ಹೈಡ್ರೋಜನ್ ಬೆಸುಗೆಯ ಪಕ್ಕದ ಉಕ್ಕಿಗೆ ಸೇರಿದರೆ, ಒಂದೆರಡು ದಿನ ಕಳೆದು ಬೆಸುಗೆಯ ಪಕ್ಕದಲ್ಲೇ ಒಡೆಯುತ್ತದೆ. ನಮ್ಮ ವೆಲ್ಡರ್ ಅಣ್ಣನ ಹತ್ತಿರ ರಾಡ್ ಒಣಗಿಸುವ ಓವನ್ ಇತ್ತು. ಇಲ್ಲದವರ ಕೈಯಲ್ಲಿ ಮಳೆಗಾಲದಲ್ಲಿ ಚಾಸಿಸ್ ಬೆಸೆಯಿಸಬೇಡಿ.

ಮೇಲೆ ಅದೇ ದಪ್ಪದ ಪ್ಲೇಟ್ ಕೊಟ್ಟೆವು. ಪ್ಲೇಟಿನ ಆಕಾರ ವಜ್ರದ್ದು, ತುದಿಗಳು ಚೂಪಾಗಿ ಓರೆಯಾಗಿ ಮುಗಿಯುತ್ತವೆ. ಚೌಕ ಪ್ಲೇಟ್ ಇಟ್ಟು ಚಾನೆಲ್‌ಗೆ ಅಡ್ಡ ಬೆಸೆದರೆ ಆ ಅಡ್ಡಗೆರೆಯಲ್ಲೇ ಮುಂದಿನ ಬಿರುಕು ಬರುತ್ತದೆ. ಮೇಲಿನ, ಕೆಳಗಿನ ಅಂಚುಗಳಿಗೆ ತೂತು ಕೊರೆಯಲಿಲ್ಲ. ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಕೆಂಪು ಸ್ಪ್ರೇ. ಎಳೆ ಮೂಡಲಿಲ್ಲ.

ಮುಂದಿನ ಶಾಫ್ಟ್ ಯಾಕೆ ಇರಲಿಲ್ಲ

ಶಾಫ್ಟ್ ಗಾಡಿಯ ಜೊತೆಯೇ ಗೋಣಿಯಲ್ಲಿ ಸುತ್ತಿ ಕೊಟ್ಟಿದ್ದರು. ಎರಡೂ ಕಡೆಯ ಕ್ರಾಸ್ (ಶಾಫ್ಟಿನ ತುದಿಯ ಮಡಚುವ ಕೀಲು) ಪುಡಿಯಾಗಿತ್ತು. ಕ್ರಾಸ್ ಹೊಸದು ಹಾಕಿದರೆ ಮುಗಿಯಿತಲ್ಲ ಅಂತ ನಾನು. ಗ್ಯಾರೇಜಿನ ಹುಡುಗರು ಆಶಾನ್ ಅಂತ ಕರೆಯುವ ಹಿರಿಯ ಮೆಕ್ಯಾನಿಕ್ ಒಬ್ಬರು ಇದ್ದಾರೆ. ಜೀಪಿನ ಗೇರ್‌ಬಾಕ್ಸ್ ಬಿಚ್ಚಿಯೇ ತಲೆ ನರೆತವರು. ಅವರು ಕ್ರಾಸ್ ಕೈಯಲ್ಲಿ ಹಿಡಿದು, "ಅಣ್ಣ, ಇದು ಸವೆದದ್ದಲ್ಲ, ಮುರಿದದ್ದು. ಮೊದಲು ಹಿಂದೆ ಮುಂದೆ ಎಣಿಸಿ ನೋಡುವ" ಅಂದರು.

ಎಣಿಸುವುದು ಹೀಗೆ. ಹಿಂದಿನ ಎರಡೂ ಚಕ್ರ ನೆಲ ಬಿಡುವಂತೆ ಎತ್ತಿ ಸ್ಟ್ಯಾಂಡ್ ಕೊಡುವುದು. ಗೇರ್ ನ್ಯೂಟ್ರಲ್. ಶಾಫ್ಟಿಗೆ ಮತ್ತು ಹೌಸಿಂಗಿಗೆ ಚಾಕ್‌ಪೀಸಿನ ಗೆರೆ. ಒಬ್ಬರು ಒಂದು ಚಕ್ರವನ್ನು ಅಲುಗದಂತೆ ಹಿಡಿಯುವುದು, ಇನ್ನೊಬ್ಬರು ಆಚೆ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸುವುದು. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಇರುವುದರಿಂದ ಒಂದು ಚಕ್ರದ ಎರಡು ಸುತ್ತು ಅಂದರೆ ಕ್ರೌನ್‌ನ (ಹೌಸಿಂಗಿನೊಳಗಿನ ದೊಡ್ಡ ಹಲ್ಲುಚಕ್ರ) ಒಂದು ಸುತ್ತು. ಅಷ್ಟರಲ್ಲಿ ಶಾಫ್ಟಿನ ಗೆರೆ ಎಷ್ಟು ಸಲ ಬಂತು ಅಂತ ಲೆಕ್ಕ.

ಹಿಂದೆ ಐದು ಸುತ್ತಿಗೆ ಒಂಚೂರು ಕಮ್ಮಿ. ಮುಂದೆ ಅದೇ ರೀತಿ ಮಾಡಿದರೆ ಐದೂಕಾಲು ದಾಟಿ ಸ್ವಲ್ಪ ಮೇಲೆ.

ಭಾವ ಇನ್ನೊಮ್ಮೆ ತಿರುಗಿಸಿದ. ಅದೇ ಲೆಕ್ಕ. ಆಶಾನ್ ಏನೂ ಹೇಳದೆ ಹಿಂದಿನ ಕವರ್ ಬಿಚ್ಚಿದರು. ಕ್ರೌನ್‌ನಲ್ಲಿ 39 ಹಲ್ಲು, ಅದನ್ನು ತಿರುಗಿಸುವ ಸಣ್ಣ ಪಿನಿಯನ್‌ನಲ್ಲಿ 8. ಭಾಗಿಸಿದರೆ 4.88. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಇದ್ದ ಅನುಪಾತ ಅದು. ಎಫ್‌ಸಿ-150ಕ್ಕೆ ಇರಬೇಕಾದದ್ದು 43ಕ್ಕೆ 8, ಅಂದರೆ 5.38. ಮುಂದಿನದು ಸರಿಯಾಗಿಯೇ ಇತ್ತು. ಹಿಂದೆ ಮಾತ್ರ ಯಾವುದೋ ಬೇರೆ ಜೀಪಿನ ಕ್ರೌನ್ ಪಿನಿಯನ್ ತಂದು ಕೂರಿಸಿದ್ದರು.

ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ ಟ್ರಾನ್ಸ್‌ಫರ್ ಕೇಸ್. ಈ ಗಾಡಿಯದ್ದು ಸ್ಪೈಸರ್ 18. ಫೋರ್ ವೀಲ್ ಹಾಕಿದರೆ ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಎರಡೂ ಒಟ್ಟಿಗೆ ಕಟ್ಟಿದಂತೆ ತಿರುಗುತ್ತವೆ. ಆಗ ಹಿಂದಿನ ಚಕ್ರ 100 ಸುತ್ತು ಬಂದಾಗ ಮುಂದಿನದು ಸುಮಾರು 91 ಮಾತ್ರ ಬರುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ತೀರಬಹುದು. ಗಟ್ಟಿ ನೆಲದಲ್ಲಿ ತೀರುವುದಿಲ್ಲ. ಒಂದೋ ಟಯರ್ ಉಜ್ಜುತ್ತದೆ, ಇಲ್ಲವೇ ಕ್ರಾಸ್ ಮುರಿಯುತ್ತದೆ, ಇಲ್ಲವೇ ಟ್ರಾನ್ಸ್‌ಫರ್ ಕೇಸಿನ ಹಲ್ಲು ಹೋಗುತ್ತದೆ. ಇಲ್ಲಿ ಕ್ರಾಸ್ ಮುರಿಯಿತು. ಕಾರಣ ಹುಡುಕುವ ಬದಲು ಶಾಫ್ಟ್ ಕಳಚಿ ಗೋಣಿಗೆ ಹಾಕಿದರು. ಪೆಟ್ರೋಲ್ ಉಳಿಸುವ ಕತೆ ಆಮೇಲೆ ಹುಟ್ಟಿದ್ದು.

ಸರಿಯಾದ ಸೆಟ್ ಮಂಗಳೂರಿನಲ್ಲಿ ಸಿಗಲಿಲ್ಲ. ಬೆಂಗಳೂರು ಜೆ.ಸಿ. ರೋಡಿನ ಹಳೇ ಸ್ಟಾಕಿನಲ್ಲಿ ಸಿಕ್ಕಿತು. ಪಿನಿಯನ್ನಿನ ಶಿಮ್ ಇಟ್ಟು, ಹಲ್ಲಿಗೆ ಬಣ್ಣ ಹಚ್ಚಿ, ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವವರೆಗೆ ಮತ್ತೆ ಬಿಚ್ಚಿ ಕಟ್ಟಿ ಆಶಾನ್ ಕೂರಿಸಿದರು. ಅಲ್ಲಿ ನನ್ನ ಕೆಲಸ ಟಾರ್ಚ್ ಹಿಡಿಯುವುದು.

ಹಳೇ ಫೋರ್ ವೀಲ್ ಗಾಡಿ ನೋಡಲು ಹೋಗುವವರು ಸ್ಕ್ರೂಡ್ರೈವರ್, ಅಯಸ್ಕಾಂತದ ಜೊತೆ ಒಂದು ಚಾಕ್‌ಪೀಸ್ ಕೂಡ ಕಿಸೆಯಲ್ಲಿಟ್ಟುಕೊಳ್ಳಿ. ಬೆಳಗ್ಗೆ ಬೇಗ ಹೋಗಿ, ಹೇಳಿದ ಹೊತ್ತಿಗಿಂತ ಮುಂಚೆ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ.

ಎಂಜಿನ್

ಬಿಸಿ ಎಂಜಿನ್ನಿನ ಗುಟ್ಟು ಮರುದಿನವೇ ಗೊತ್ತಾಗಿತ್ತು. ರಾತ್ರಿಯಿಡೀ ನಿಂತ ಗಾಡಿ ಬೆಳಗ್ಗೆ ಎರಡು ಸಿಲಿಂಡರಿನಲ್ಲಿ ಕುಂಟುತ್ತಾ ಹಿಡಿಯಿತು. ಹಿಂದೆ ಬಿಳಿ ಹೊಗೆ. ಬಿಸಿಯಾದ ಮೇಲೆ ಹೊಗೆ ಮಾಯ. ರೇಡಿಯೇಟರ್ ಖಾಲಿ ಮಾಡಿದರೆ ಬಂದದ್ದು ಅರಿಶಿನದ ಕೆಸರು. ಸಣ್ಣ ಸೋರಿಕೆ ಕಟ್ಟಲು ಅರಿಶಿನ ಪುಡಿ ಹಾಕುವುದು ನಮ್ಮ ಕಡೆ ಹಳೇ ಪದ್ಧತಿ. ಘಟ್ಟದ ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮನೆ ಮುಟ್ಟಲು ಅದು ಸಾಕು. ಇಲ್ಲಿ ಹಾಕಿದ್ದು ಮುಷ್ಟಿಗಟ್ಟಲೆ. ಎಂಜಿನ್ ಬ್ಲಾಕಿನ ನೀರಿನ ದಾರಿಯೇ ಕಟ್ಟಿಹೋಗಿತ್ತು.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿದೆವು. ಇದು ವಿಲ್ಲಿಸ್‌ನ ಹರಿಕೇನ್ ಎಂಜಿನ್, 2199 ಸಿಸಿ. ಸರಿ ಇದ್ದರೆ 120 ಪಿಎಸ್‌ಐ ಆಸುಪಾಸು ತೋರಿಸಬೇಕು. ಮೊದಲನೆಯದು, ನಾಲ್ಕನೆಯದು ನೂರರ ಮೇಲೆ ಇದ್ದವು. ನಡುವಿನ ಎರಡೂ 60ರ ಹತ್ತಿರ. ಪ್ಲಗ್ಗಿನ ತೂತಿನಲ್ಲಿ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಿದರೂ ನಡುವಿನವು ಏರಲಿಲ್ಲ. ಅಂದರೆ ದೋಷ ಪಿಸ್ಟನ್ ರಿಂಗಿನದ್ದಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕುಸಿದರೆ, ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಆ ಎರಡರ ನಡುವೆ ಸುಟ್ಟಿದೆ ಅಂತಲೇ ಮೊದಲು ತಿಳಿಯಬೇಕು.

ಈ ಎಂಜಿನ್ನಿನ ಹೆಡ್ ಬಿಚ್ಚುವವರಿಗೆ ಒಂದು ಎಚ್ಚರಿಕೆ. ಒಂದು ಹೆಡ್ ಬೋಲ್ಟ್ ಹೊರಗೆ ಕಾಣುವುದೇ ಇಲ್ಲ. ಕಾರ್ಬೊರೇಟರ್ ತೆಗೆದು, ಅದು ಕೂತಿದ್ದ ಬಾಯಿಯ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ಕಾಣುತ್ತದೆ. ಅದನ್ನು ಬಿಡದೆ ಹೆಡ್ ಎಬ್ಬಿಸಲು ಹೋಗಿ ಹೆಡ್ ಒಡೆದವರಿದ್ದಾರೆ. ಆಶಾನ್ ಉದ್ದದ ಸಾಕೆಟ್ ಇಳಿಸಿದರು. ರ್‍ಯಾಚೆಟ್ ಹಾಕುವ ಮೊದಲೇ ಬೋಲ್ಟ್ ಬೆರಳಿಗೆ ತಿರುಗಿತು. "ಎಂಜಿನ್ ಮಾಡಿಸಿದವರು ಇದನ್ನು ಬಿಗಿ ಮಾಡಲೇ ಇಲ್ಲ" ಅಂದರು ಆಶಾನ್. ಗ್ಯಾಸ್ಕೆಟ್ ಯಾಕೆ ಹೋಯಿತು ಅಂತ ಇನ್ನು ಹುಡುಕಬೇಕಾಗಿರಲಿಲ್ಲ. ಎರಡು ಮತ್ತು ಮೂರರ ನಡುವೆ ಅದು ಕಪ್ಪಾಗಿ ತಿಂದುಹೋಗಿತ್ತು.

ಹೆಡ್ ಫೇಸಿಂಗ್, ಅಂದರೆ ಅದರ ತಳ ಸಮ, ಮಾಡಿದರೆ ಮುಗಿಯುತ್ತಿತ್ತು. ಆದರೆ ಹರಿಕೇನ್‌ನಲ್ಲಿ ಒಳಬರುವ ವಾಲ್ವ್ ಮಾತ್ರ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲೇ, ಸಿಲಿಂಡರಿನ ಪಕ್ಕ. ಎಕ್ಸಾಸ್ಟ್ ವಾಲ್ವ್ ಕೂರುವ ಸೀಟಿಗೂ ಪಿಸ್ಟನ್ ಓಡುವ ಬೋರ್‌ಗೂ ನಡುವೆ ಇರುವುದು ಸಣ್ಣ ಗೋಡೆ. ನೀರು ಓಡದೆ ಕಾದರೆ ಮೊದಲು ಬಿರಿಯುವುದು ಅದೇ. ಮೂರನೇ ಸಿಲಿಂಡರಿನಲ್ಲಿ ಬಿರಿದಿತ್ತು. ಬೆಳಗಿನ ಬಿಳಿ ಹೊಗೆ ಆ ಬಿರುಕಿನಿಂದ ರಾತ್ರಿ ಜಿನುಗಿದ ನೀರು. ಸೋರಿಕೆ ಕಟ್ಟಲು ಹಾಕಿದ ಅರಿಶಿನವೇ ನೀರಿನ ದಾರಿ ಮುಚ್ಚಿ ಬಿರುಕನ್ನು ಬೆಳೆಸಿದೆ.

ಇಲ್ಲಿ ಎಲ್ಲರೂ ಒಂದೇ ಸಲಹೆ ಕೊಟ್ಟರು. ಈ ಬ್ಲಾಕ್ ಗುಜರಿಗೆ ಹಾಕಿ, ಒಂದು ಡೀಸೆಲ್ ಎಂಜಿನ್ ಕೂರಿಸಿ. ನಮ್ಮ ಊರಿನ ಎಷ್ಟೋ ಪೆಟ್ರೋಲ್ ಜೀಪುಗಳು ಹಾಗೇ ಡೀಸೆಲ್ ಆದವು. ನಾನು ಒಪ್ಪಲಿಲ್ಲ. ಎಫ್‌ಸಿಯ ಮುಂಭಾಗಕ್ಕೆ ಈಗಾಗಲೇ ಜಾಸ್ತಿ ಭಾರ, ಅದರ ಮೇಲೆ ಡೀಸೆಲ್ ಎಂಜಿನ್ನಿನ ತೂಕ, ನಡುಕ ಬೇಡ. ಈಗಷ್ಟೇ ಬೆಸೆದ ಚಾನೆಲ್ ಬೇರೆ. ಇನ್ನೊಂದು, 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಖಾಸಗಿ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಿನಲ್ಲಿ ವಿಎ ಅಂತ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಚಾಸಿಸ್, ಬಾಡಿ, ಎಂಜಿನ್ ಬದಲಾಯಿಸಿದ್ದರೆ ಆ ಅವಕಾಶ ಇಲ್ಲ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತೆಯೂ ಇಲ್ಲ, ಆದ್ದರಿಂದ ನಾನು ಈಗ ಆ ಕಡೆ ಹೋಗಿಲ್ಲ. ಆದರೆ ಮುಂದೆ ಬೇಕು ಅನ್ನಿಸಿದರೆ ಗಾಡಿ ಅದಕ್ಕೆ ಯೋಗ್ಯವಾಗಿ ಇರಲಿ.

ಬ್ಲಾಕ್ ಮಂಗಳೂರಿನ ಲೇತಿಗೆ ಹೋಯಿತು. ಬಿರುಕಿನ ಉದ್ದಕ್ಕೂ ಒಂದರ ಪಕ್ಕ ಒಂದು ಸಣ್ಣ ತೂತು ಕೊರೆದು, ಥ್ರೆಡ್ ಹಾಕಿ, ಪಿನ್ ತಿರುಗಿಸಿ ಕೂರಿಸುತ್ತಾರೆ. ಪ್ರತಿ ಪಿನ್ ಹಿಂದಿನದನ್ನು ಸ್ವಲ್ಪ ಕಚ್ಚಿಕೊಂಡಿರುತ್ತದೆ. ಬೆಂಕಿ ಇಲ್ಲ, ಬೆಸುಗೆ ಇಲ್ಲ. ಬೀಡು ಕಬ್ಬಿಣಕ್ಕೆ ಇದೇ ಸರಿ. ನಂತರ ನಾಲ್ಕೂ ಬೋರಿಗೆ ಸ್ಲೀವ್. ಎಕ್ಸಾಸ್ಟ್‌ಗೆ ಗಟ್ಟಿ ಸೀಟ್ ಹಾಕಿಸಿದೆ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ಸೀಟನ್ನು ಸವೆತದಿಂದ ಕಾಪಾಡುತ್ತಿತ್ತು. 2000ದಲ್ಲಿ ಸೀಸದ ಪೆಟ್ರೋಲ್ ನಿಂತ ಮೇಲೆ ಮೆತ್ತಗಿನ ಸೀಟ್ ಬಾಳುವುದಿಲ್ಲ. ಕೊನೆಗೆ ಒತ್ತಡದಲ್ಲಿ ನೀರು ತುಂಬಿಸಿ ಬ್ಲಾಕ್ ಪರೀಕ್ಷೆ ಮಾಡಿಸಿ, ನಾನೇ ನಿಂತು ನೋಡಿ ತಂದೆ.

ಎಂಜಿನ್ನಿನ ತಳದ ಸಂಪಿನಲ್ಲಿ ಸಿಕ್ಕಿದ್ದು ಬರೀ ಎಂಜಿನ್ ಆಯಿಲ್ ಅಲ್ಲ, ಅದಕ್ಕೆ ಗೇರ್ ಆಯಿಲ್ ಬೆರೆಸಿದ್ದರು. ಬೇರಿಂಗಿನ ಸದ್ದು ಅಡಗಿಸುವ ಉಪಾಯ. ಕ್ರ್ಯಾಂಕ್ ಶಾಫ್ಟ್ ಈಗಾಗಲೇ ಇಪ್ಪತ್ತು ಸೈಜಿಗೆ (ಇಂಚಿನ ಸಾವಿರದ ಲೆಕ್ಕದಲ್ಲಿ) ಇಳಿದಿತ್ತು, ಮೂವತ್ತಕ್ಕೆ ಗ್ರೈಂಡ್ ಮಾಡಿಸಿದೆವು.

ಬ್ರೇಕ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಾಲ್ಕು ಚಕ್ರಕ್ಕೂ ಒಂದೇ ಲೈನ್, ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು. ಆದ್ದರಿಂದ ಪೈಪು, ವೀಲ್ ಸಿಲಿಂಡರ್, ಮಾಸ್ಟರ್ ಎಲ್ಲ ಹೊಸದು. ಪೆಟ್ರೋಲ್ ಹೋಸ್‌ಗಳನ್ನೂ ಎಥನಾಲ್ ತಡೆಯುವಂಥದಕ್ಕೆ ಬದಲಾಯಿಸಿದೆ. ಈಗ ಬಂಕಿನಲ್ಲಿ ಸಿಗುವ ಇ20ಯಲ್ಲಿ (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್) ಹಳೇ ರಬ್ಬರ್ ಊದಿ ಬಿರಿಯುತ್ತದೆ. ಎಂಜಿನ್ ತೊಡೆಯ ಪಕ್ಕದಲ್ಲೇ ಇರುವ ಗಾಡಿಯಲ್ಲಿ ಪೆಟ್ರೋಲ್ ಸೋರುವ ಹಾಗಿಲ್ಲ.

ಈಗ ಗಾಡಿ ತೋಟದೊಳಗೆ ಓಡುತ್ತಿದೆ. ಫೋರ್ ವೀಲ್ ಹಾಕಿ ಒದ್ದೆ ಏರಿನಲ್ಲಿ ಗೊಬ್ಬರ ಸಮೇತ ಹತ್ತಿಸಿದೆವು. ಮೇಲೆ ಹೋಗಿ ಲಿವರ್ ಎಳೆದರೆ ಬೆಣ್ಣೆಯಂತೆ ಹೊರಬಂತು. ಹೌಸಿಂಗ್‌ಗಳು ಜಗಳವಾಡುತ್ತಿದ್ದರೆ ಆ ಲಿವರ್ ಬಿಗಿದು ನಿಲ್ಲುತ್ತದೆ. ಟ್ರಾನ್ಸ್‌ಫರ್ ಕೇಸಿನ ನಡುವಿನ ಶಾಫ್ಟಿನಲ್ಲಿ ಸ್ವಲ್ಪ ಆಯಿಲ್ ಜಿನುಗು ಇನ್ನೂ ಉಂಟು. ವೈರಿಂಗ್ ಪೂರ್ತಿ ಹೊಸದಾಗಬೇಕು. ಅದಕ್ಕೆ ಮೊದಲು ಹೆಡ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಟಾರ್ಕ್ ಮಾಡಬೇಕು. ಹೊಸ ಗ್ಯಾಸ್ಕೆಟ್ ಬಿಸಿಗೆ ಕುಳಿತುಕೊಳ್ಳುತ್ತದೆ, ಬಿಗಿ ಕಡಿಮೆಯಾಗುತ್ತದೆ. ಒಳಗಿನ ಬೋಲ್ಟಿಗಾಗಿ ಕಾರ್ಬೊರೇಟರ್ ಮತ್ತೆ ಇಳಿಸಬೇಕು. ಅದರ ಪ್ಯಾಕಿಂಗ್ ತಂದಿಟ್ಟಿದ್ದೇನೆ. ಆಶಾನ್ ಭಾನುವಾರ ಬರುತ್ತೇನೆ ಅಂದಿದ್ದಾರೆ.